ಯಾರು ಮೊದಲು ಬರೆಯಬೇಕು? ಈಬೇ ಫೀಡ್‌ಬ್ಯಾಕ್‌ನ ಹಳೇ ಜಗಳ

2005ರ ಸುಮಾರಿಗೆ ಈಬೇ ಎಂಬ ಆನ್‌ಲೈನ್ ಹರಾಜು ತಾಣದಲ್ಲಿ ಒಂದು ಹಳೇ ಪಿಂಗಾಣಿ ಕಪ್ ಕೊಂಡಿರಿ ಅಂದುಕೊಳ್ಳಿ. ಹರಾಜು ಗೆದ್ದ ದಿನವೇ ದುಡ್ಡು ಕಳಿಸಿದಿರಿ. ಹತ್ತು ದಿನ ಬಿಟ್ಟು ಪಾರ್ಸಲ್ ಬಂತು. ಬಿಚ್ಚಿ ನೋಡಿದರೆ ಹಿಡಿಯ ಹತ್ತಿರ ಕೂದಲೆಳೆಯಷ್ಟು ಬಿರುಕು. ಫೋಟೋದಲ್ಲಿ ಅದು ಕಂಡಿರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಬರೆಯೋಣ ಅಂತ ಕೂರುತ್ತೀರಿ. ಆದರೆ ಮಾರಿದವನು ನಿಮ್ಮ ಬಗ್ಗೆ ಇನ್ನೂ ಏನೂ ಬರೆದಿಲ್ಲ. ಅಲ್ಲಿ ಹೊಗಳಿಕೆಗೆ ಹಸಿರು ಗುರುತು, ತೆಗಳಿಕೆಗೆ ಕೆಂಪು. ನೀವು ಕೆಂಪು ಗುರುತು ಒತ್ತಿದರೆ ಅವನೂ ಒತ್ತುತ್ತಾನೆ. ನಿಮ್ಮ ಖಾತೆಯಲ್ಲಿ ಇರುವುದೇ 11 ಹಸಿರು ಗುರುತು. ಒಂದು ಕೆಂಪು ಸೇರಿದರೆ ಹೊಗಳಿಕೆಯ ಪಾಲು ಶೇ. 100 ಇದ್ದದ್ದು ಶೇ. 91.7ಕ್ಕೆ ಬೀಳುತ್ತದೆ. ಅವನ ಹತ್ತಿರವೋ ಸಾವಿರಾರು ಹಸಿರು ಇವೆ, ನಿಮ್ಮ ಒಂದು ಕೆಂಪು ಅವನಿಗೆ ಲೆಕ್ಕಕ್ಕೇ ಇಲ್ಲ. ಸುಮ್ನೆ ಇದ್ದುಬಿಡುತ್ತೀರಿ.

ಹೀಗೆ ಎಷ್ಟೋ ಜನ ಬಾಯಿ ಮುಚ್ಚಿಕೊಂಡರು. ಆನ್‌ಲೈನ್ ಸಂತೆಯ ಚರಿತ್ರೆಯಲ್ಲಿ ನನ್ನನ್ನು ಹೆಚ್ಚು ಕಾಡುವುದು ಹೆದರಿ ಬರೆಯದೇ ಬಿಟ್ಟ ಇಂಥ ಮಾತುಗಳೇ.

ಶುರು ಮಾಡಿದವರ ಮನಸ್ಸು ಒಳ್ಳೆಯದೇ ಇತ್ತು. ಪಿಯರ್ ಒಮಿಡ್ಯಾರ್ 1995ರ ಸೆಪ್ಟೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಈ ತಾಣ ತೆರೆದಾಗ ಅದರ ಹೆಸರು ಆಕ್ಷನ್‌ವೆಬ್. ಮೊದಲು ಮಾರಾಟವಾದದ್ದು ಕೆಟ್ಟುಹೋದ ಲೇಸರ್ ಪಾಯಿಂಟರ್, 14.83 ಡಾಲರ್‌ಗೆ. ವ್ಯಾಪಾರ ಬೆಳೆದಂತೆ ಜಗಳದ ದೂರುಗಳೆಲ್ಲ ಅವರ ಇಮೇಲ್‌ಗೇ ಬರತೊಡಗಿದವು. ನಮ್ಮ ವಾರದ ಸಂತೆಯಲ್ಲಿ ತೂಕದಲ್ಲಿ ಮೋಸ ಮಾಡಿದವನ ಮುಖ ಮುಂದಿನ ವಾರವೂ ಕಾಣುತ್ತದೆ, ಇಲ್ಲಿ ಮುಖವೇ ಇಲ್ಲ. ಅದಕ್ಕೇ 1996ರ ಫೆಬ್ರವರಿಯಲ್ಲಿ ಫೀಡ್‌ಬ್ಯಾಕ್ ಫೋರಂ ತಂದರು. ದೂರಿದ್ದರೆ ಎಲ್ಲರೆದುರು ಹೇಳಿ, ಮೆಚ್ಚುಗೆಯಿದ್ದರೆ ಅದನ್ನೂ ಹೇಳಿ ಅಂತ ಕೇಳಿಕೊಂಡರು. ಕೊಂಡವರು, ಮಾರಿದವರು ಇಬ್ಬರೂ ಒಬ್ಬರಿಗೊಬ್ಬರು +1, 0 ಅಥವಾ -1 ಕೊಡಬಹುದಿತ್ತು.

ಪಾಲ್ ರೆಸ್ನಿಕ್ ಮತ್ತು ರಿಚರ್ಡ್ ಜೆಕ್‌ಹೌಸರ್ ಎಂಬ ಸಂಶೋಧಕರು 1999ರ ಈಬೇ ವ್ಯವಹಾರಗಳ ದಾಖಲೆ ತೆಗೆದು ನೋಡಿದರು. ಕೊಂಡವರಲ್ಲಿ ಅರ್ಧದಷ್ಟು ಜನ ಮಾತ್ರ ಬರೆದಿದ್ದರು. ಬರೆದದ್ದರಲ್ಲಿ ಶೇ. 99ಕ್ಕೂ ಜಾಸ್ತಿ ಹೊಗಳಿಕೆ, ತೆಗಳಿಕೆ ಶೇ. 0.6 ಮಾತ್ರ. ಯಾವ ಸಂತೆಯಲ್ಲೂ ನೂರಕ್ಕೆ ತೊಂಬತ್ತೊಂಬತ್ತು ಜನ ಖುಷಿಯಾಗಿ ಮನೆಗೆ ಹೋಗುವುದಿಲ್ಲ, ಅಲ್ವಾ?

ಜಗಳದ ಬೇರು ಇದ್ದದ್ದು ಸರದಿಯಲ್ಲಿ. ದುಡ್ಡು ಕೊಟ್ಟ ಕೂಡಲೇ ಕೊಂಡವನ ಕೆಲಸ ಮುಗಿಯಿತು. ನ್ಯಾಯವಾಗಿ ಮಾರುವವನು ಆಗಲೇ ಅವನ ಬಗ್ಗೆ ಬರೆದುಬಿಡಬೇಕು. ಆದರೆ ಅನೇಕ ಮಾರಾಟಗಾರರು ‘ನೀವು ಮೊದಲು ಬರೆಯಿರಿ’ ಅಂತ ಕಾದು ಕೂತರು. ಕೊನೆಯಲ್ಲಿ ಬರೆಯುವವನ ಕೈಯಲ್ಲೇ ಕೋಲು. ಇಬ್ಬರೂ ಒಪ್ಪಿದರೆ ಕೊಟ್ಟ ಗುರುತನ್ನು ವಾಪಸ್ ಪಡೆಯುವ ದಾರಿಯನ್ನೂ ಈಬೇ ಮಾಡಿಕೊಟ್ಟಿತು. ಅದರಿಂದ ಕೋಲು ಇನ್ನಷ್ಟು ಗಟ್ಟಿಯಾಯಿತು. ಮೊದಲು ಸೇಡಿನ ಕೆಂಪು ಕೊಡುವುದು, ಆಮೇಲೆ ‘ನಿನ್ನದು ತೆಗಿ, ನನ್ನದೂ ತೆಗೀತೀನಿ’ ಅನ್ನುವುದು.

2007ರಲ್ಲಿ ಈಬೇ ಐದು ಸ್ಟಾರ್‌ಗಳ ಇನ್ನೊಂದು ಪದ್ಧತಿ ಸೇರಿಸಿತು. ಸರಕು ಹೇಳಿದಂತಿತ್ತೇ, ಬೇಗ ಕಳಿಸಿದರೇ ಎಂಬಂಥ ನಾಲ್ಕು ಪ್ರಶ್ನೆಗಳು. ಮಾರುವವನಿಗೆ ಸರಾಸರಿ ಮಾತ್ರ ಕಾಣುತ್ತಿತ್ತು, ಯಾರು ಎಷ್ಟು ಕೊಟ್ಟರು ಅಂತ ಗೊತ್ತಾಗುತ್ತಿರಲಿಲ್ಲ. 2008ರ ಮೇ ತಿಂಗಳಿಂದ ಮಾರುವವರು ಕೊಂಡವರಿಗೆ ಕೆಂಪು ಗುರುತು ಕೊಡುವುದನ್ನೇ ಈಬೇ ನಿಲ್ಲಿಸಿತು. ಹೊಗಳಿ, ಇಲ್ಲವೇ ಸುಮ್ಮನಿರಿ. ಈ ನಿಯಮ ಬರಲಿದೆ ಎಂಬ ಸುದ್ದಿ ಮೊದಲೇ ಕೇಳಿ, ಶುಲ್ಕದ ಬದಲಾವಣೆಗೂ ಸಿಟ್ಟಾಗಿ, ಆ ಫೆಬ್ರವರಿಯಲ್ಲೇ ಅನೇಕ ಮಾರಾಟಗಾರರು ಒಂದು ವಾರ ಬಹಿಷ್ಕಾರ ಹೂಡಿದರು.

ಅವರ ಸಿಟ್ಟಿನಲ್ಲೂ ನ್ಯಾಯವಿತ್ತು. ಹರಾಜು ಗೆದ್ದು ದುಡ್ಡೇ ಕೊಡದವನ ಬಗ್ಗೆ ಉಳಿದ ಮಾರಾಟಗಾರರನ್ನು ಎಚ್ಚರಿಸುವ ದಾರಿ ಮುಚ್ಚಿಹೋಯಿತು. ‘ಅರ್ಧ ದುಡ್ಡು ವಾಪಸ್ ಕೊಡಿ, ಇಲ್ಲಾಂದ್ರೆ ಕೆಂಪು’ ಎಂದು ಬೆದರಿಸುವ ಗಿರಾಕಿಗಳೂ ಇದ್ದರು. ಅದು ನಿಯಮಕ್ಕೆ ವಿರುದ್ಧ, ನಿಜ. ಆದರೆ ದಿನಕ್ಕೆ ಎರಡು ಸಾಮಾನು ಮಾರುವವರಿಗೆ ದೂರು ಕೊಟ್ಟು ಕಾಯುವಷ್ಟು ಪುರುಸೊತ್ತು ಎಲ್ಲಿದೆ?

ಇನ್ನೊಂದು ದಾರಿಯಿತ್ತು. ಇಬ್ಬರೂ ಬರೆದು ಮುಗಿಸುವ ತನಕ ಯಾರದ್ದೂ ತೋರಿಸದಿರುವುದು. ಗ್ಯಾರಿ ಬೋಲ್ಟನ್, ಬೆನ್ ಗ್ರೈನರ್, ಆಕ್ಸೆಲ್ ಓಕೆನ್‌ಫೆಲ್ಸ್ ಎಂಬ ಅರ್ಥಶಾಸ್ತ್ರಜ್ಞರು ಈಬೇಗಾಗಿ ಇದನ್ನೂ ಪರೀಕ್ಷಿಸಿ ನೋಡಿದ್ದರು. ಈಬೇ ಅದನ್ನು ಆರಿಸಲಿಲ್ಲ. 2014ರಲ್ಲಿ ಪ್ರವಾಸಿಗರಿಗೆ ಮನೆ ಬಾಡಿಗೆಗೆ ಕೊಡಿಸುವ ತಾಣ ಏರ್‌ಬಿಎನ್‌ಬಿ ಆರಿಸಿತು. ಅಲ್ಲಿ ಅತಿಥಿ, ಮನೆಯವರು ಇಬ್ಬರೂ ಬರೆದ ಮೇಲೆ, ಇಲ್ಲವೇ 14 ದಿನ ಕಳೆದ ಮೇಲೆ ಮಾತ್ರ ವಿಮರ್ಶೆ ಹೊರಬರುತ್ತದೆ. ನನಗೆ ಇದೇ ಹೆಚ್ಚು ನ್ಯಾಯ ಅನ್ನಿಸುತ್ತದೆ.

ನಮ್ಮಲ್ಲಿ ಈಬೇ 2004ರಲ್ಲಿ ಬಾಜೀ ಡಾಟ್ ಕಾಮ್ ಕೊಂಡು ಬಂತು, 2018ರಲ್ಲಿ ಮುಚ್ಚಿತು. 2020ರ ಇ-ಕಾಮರ್ಸ್ ನಿಯಮಗಳು ಮಾರುವವರೇ ಗ್ರಾಹಕರ ವೇಷದಲ್ಲಿ ವಿಮರ್ಶೆ ಬರೆಯುವುದನ್ನು ತಡೆದವು. 2022ರ ನವೆಂಬರ್‌ನಲ್ಲಿ ವಿಮರ್ಶೆಗಳಿಗೇ ಅಂತ ಐಎಸ್ 19000 ಎಂಬ ಭಾರತೀಯ ಮಾನದಂಡ ಬಂತು, ಬಂದಾಗ ಪಾಲಿಸುವುದು ಅವರವರ ಇಷ್ಟಕ್ಕೆ ಬಿಟ್ಟಿತ್ತು. ಇವೆರಡೂ ನೋಡುವುದು ಸುಳ್ಳು ವಿಮರ್ಶೆಯನ್ನು. ನಿಜ ಬರೆಯಲು ಆಗುವ ಹೆದರಿಕೆಗೆ ಇವುಗಳಲ್ಲಿ ಮದ್ದಿಲ್ಲ.

ಕಳೆದ ವರ್ಷ ನಾನು ಆನ್‌ಲೈನಲ್ಲಿ ಒಂದು ಸ್ಟೀಲ್ ಡಬ್ಬಿ ತರಿಸಿದೆ. ಮುಚ್ಚಳ ಸಡಿಲ. ಜೊತೆಗೊಂದು ಚೀಟಿ: 5 ಸ್ಟಾರ್ ಕೊಟ್ಟರೆ 50 ರೂಪಾಯಿ. ನಾನು 3 ಕೊಟ್ಟು ಕಾರಣ ಬರೆದೆ. ಎರಡು ದಿನಕ್ಕೆ ಮಾರಿದವರ ಫೋನ್ ಬಂತು. ‘ತೆಗೆದುಬಿಡಿ ಮೇಡಂ, ನಮ್ಮ ಅಕೌಂಟು ಕೆಳಗೆ ಹೋಗುತ್ತೆ’ ಅಂದರು. ದನಿ ನಡುಗುತ್ತಿತ್ತು. ಬರೆದದ್ದನ್ನು ನಾನು ತೆಗೆಯಲಿಲ್ಲ. ವಾರದಲ್ಲಿ ಬೇರೆ ಮುಚ್ಚಳ ಬಂತು, ಗಟ್ಟಿಯಾಗಿ ಕೂತಿತು. ಅದನ್ನೂ ಅದೇ ವಿಮರ್ಶೆಯ ಕೆಳಗೆ ಸೇರಿಸಿದೆ.