ಹಡಗಿಗಿಂತ ಮೊದಲು ಕಾಗದ ತಲುಪಬೇಕು

"ಸಾಹೇಬರೇ, ಮಾಲು ಯಾವಾಗ ಬಿಡುತ್ತದೆ?" ಕಲಬುರಗಿಯ ನೆಹರು ಗಂಜಿನ ದಾಲ್ ಮಿಲ್ ಮಾಲೀಕರು ಫೋನ್ ಮಾಡಿದರೆ ನಮಸ್ಕಾರಕ್ಕೂ ಮೊದಲು ಬರುವ ಪ್ರಶ್ನೆ ಇದು. ಅವರ ಆಮದು ಮಾಲನ್ನು ಸುಂಕ ಇಲಾಖೆಯಿಂದ ಬಿಡಿಸಿಕೊಡುವ ಕಸ್ಟಮ್ಸ್ ಬ್ರೋಕರ್ ನಾನು. ನಾನು ತಿರುಗಿ ಕೇಳುವುದೂ ಒಂದೇ ಪ್ರಶ್ನೆ: "ಹಡಗು ಹೊರಟ ದಿನವೇ ನನಗೆ ಮಾಲಿನ ಕಾಗದ ಏಕೆ ಕಳುಹಿಸಲಿಲ್ಲ?"

ತೊಗರಿಯ ಕಣಜಕ್ಕೆ ಹೊರದೇಶದ ತೊಗರಿ ಏಕೆ ಎಂದು ಕೇಳುವವರಿದ್ದಾರೆ. ಮಳೆ ಕೈಕೊಟ್ಟ ವರ್ಷ, ನೆಟೆ ರೋಗ ಹೊಲಕ್ಕೆ ಹೊಲವನ್ನೇ ಒಣಗಿಸಿದ ವರ್ಷ, ಮಿಲ್ಲಿಗೆ ಕಾಳು ಮ್ಯಾನ್ಮಾರ್, ಮೊಜಾಂಬಿಕ್, ತಾಂಜಾನಿಯಾಗಳಿಂದ ಬರುತ್ತದೆ. ಆಮದು ಹೆಚ್ಚಿದಾಗ ನಮ್ಮ ರೈತನ ಬೆಲೆ ಕುಸಿಯುವ ನೋವು ನನಗೂ ಗೊತ್ತು, ನಮ್ಮದೂ ಒಕ್ಕಲುತನದ ಮನೆ. ಆದರೆ ಒಪ್ಪಂದವಾಗಿ ಹಡಗು ಹತ್ತಿದ ಕಾಳು ಬಂದರಿನಲ್ಲಿ ಕುಳಿತರೆ ಅದರಿಂದ ರೈತನಿಗೂ ಲಾಭವಿಲ್ಲ, ಮಿಲ್ಲಿಗೂ ಇಲ್ಲ. ಅಂಗಳದ ಬಾಡಿಗೆ, ಕಂಟೇನರ್ ತಡೆಹಿಡಿದ ದಂಡ ಮಾತ್ರ ಬೆಳೆಯುತ್ತವೆ.

ನಾನು ಮುಂಬೈಯಲ್ಲಿ ಗುಮಾಸ್ತನಾಗಿ ಸೇರಿದಾಗ ಈ ಕೆಲಸದವರನ್ನು ಸಿ.ಎಚ್.ಎ., ಅಂದರೆ ಕಸ್ಟಮ್ಸ್ ಹೌಸ್ ಏಜೆಂಟ್, ಎನ್ನುತ್ತಿದ್ದರು. ಕಸ್ಟಮ್ಸ್ ಬ್ರೋಕರ್ ಎಂಬ ಹೆಸರು ಆಮೇಲೆ ಬಂತು. ಆಮದು ಮಾಲಿನ ಘೋಷಣಾಪತ್ರವಾದ ಬಿಲ್ ಆಫ್ ಎಂಟ್ರಿಯ ಪ್ರತಿಗಳನ್ನು ಕಂಕುಳಲ್ಲಿ ಹಿಡಿದು ಮೇಜಿನಿಂದ ಮೇಜಿಗೆ ಅಲೆಯುವುದೇ ನಮ್ಮ ದಿನವಾಗಿತ್ತು. ಒಂದು ಸಹಿ ತಪ್ಪಿದ್ದರೆ ಕಲಬುರಗಿಯ ಮಾಲೀಕರು ರಾತ್ರಿ ರೈಲು ಹತ್ತಿ ಬರುತ್ತಿದ್ದರು. ಬಂದರಿನಿಂದ ದೂರವಿರುವ ಊರಿಗೆ ಆ ದೂರವೇ ಒಂದು ಸುಂಕವಾಗಿತ್ತು.

ಆ ದೂರದ ಹೊರೆ ಇಳಿದದ್ದು ಹಂತ ಹಂತವಾಗಿ. 2016ರ ಏಪ್ರಿಲ್‌ನಲ್ಲಿ ಹಲವು ಇಲಾಖೆಗಳ ಒಪ್ಪಿಗೆಯನ್ನು ಒಂದೇ ಕಡೆ ಕೇಳುವ ಏಕಗವಾಕ್ಷಿ ಬಂತು. 2018ರಲ್ಲಿ ಇ-ಸಂಚಿತ್ ಬಂದು, ಇನ್‌ವಾಯ್ಸ್, ಪ್ಯಾಕಿಂಗ್ ಪಟ್ಟಿ, ಪ್ರಮಾಣಪತ್ರಗಳನ್ನು ಸ್ಕ್ಯಾನ್ ಮಾಡಿ ಏರಿಸುವ ವ್ಯವಸ್ಥೆಯಾಯಿತು. 2020ರ ಜೂನ್‌ನಲ್ಲಿ ಬೆಂಗಳೂರು ಮತ್ತು ಚೆನ್ನೈಯಲ್ಲಿ ಶುರುವಾದ ಮುಖರಹಿತ ಸುಂಕ ನಿರ್ಧಾರ ಅದೇ ವರ್ಷದ ಅಕ್ಟೋಬರ್ ಅಂತ್ಯಕ್ಕೆ ದೇಶವನ್ನೆಲ್ಲ ವ್ಯಾಪಿಸಿತು. ಮುಂಬೈ ಬಳಿಯ ನ್ಹಾವಾ ಶೇವಾ ಬಂದರಿನಲ್ಲಿ ಇಳಿದ ಮಾಲಿನ ಕಡತವನ್ನು ಇನ್ನಾವುದೋ ಊರಿನ ಅಧಿಕಾರಿ ನೋಡಬಹುದು. ನನಗೆ ಅವರ ಮುಖ ಗೊತ್ತಿಲ್ಲ, ಅವರಿಗೆ ನನ್ನದು ಗೊತ್ತಿಲ್ಲ. ಸಣ್ಣ ಊರಿನ ಬ್ರೋಕರನಿಗೆ ಇದಕ್ಕಿಂತ ದೊಡ್ಡ ನ್ಯಾಯ ಇನ್ನೊಂದಿಲ್ಲ ಎಂದು ನಾನು ನಂಬಿದ್ದೇನೆ. ಮುಖಪರಿಚಯವನ್ನೇ ಬಂಡವಾಳ ಮಾಡಿಕೊಂಡಿದ್ದವರ ಎದುರು ನಮ್ಮ ಕಡತಕ್ಕೂ ಈಗ ಸಮಾನ ಸಾಲು ಸಿಕ್ಕಿದೆ.

ಆದರೆ ನಿಜವಾದ ಲಾಭ ಇರುವುದು ಮುಂಚಿತ ಸಲ್ಲಿಕೆಯಲ್ಲಿ. ನಮ್ಮ ವ್ಯಾಪಾರಿಗಳು ಅದನ್ನು ಇನ್ನೂ ಪೂರ್ತಿ ಬಳಸುತ್ತಿಲ್ಲ. ಹಡಗು ಬರುವ 30 ದಿನ ಮೊದಲೇ ಬಿಲ್ ಆಫ್ ಎಂಟ್ರಿ ಸಲ್ಲಿಸಬಹುದು. 2021ರಲ್ಲಿ ಕಸ್ಟಮ್ಸ್ ಕಾಯ್ದೆಯ 46ನೇ ವಿಧಿಗೆ ತಿದ್ದುಪಡಿಯಾದ ಮೇಲೆ, ಹಡಗು ಬರುವ ಹಿಂದಿನ ದಿನದೊಳಗೆ ಸಲ್ಲಿಸುವುದು ಸಾಮಾನ್ಯ ನಿಯಮವೇ ಆಗಿದೆ. ಮ್ಯಾನ್ಮಾರ್‌ನಂಥ ಹತ್ತಿರದ ದೇಶದಿಂದ ಸಮುದ್ರಮಾರ್ಗವಾಗಿ ಬರುವ ಮಾಲಿಗೆ ಹಡಗು ಬಂದ ದಿನದವರೆಗೆ ಸಡಿಲಿಕೆ ಇದೆ. ಗಡುವು ದಾಟಿದರೆ ಮೊದಲ ಮೂರು ದಿನ ದಿನಕ್ಕೆ 5,000 ರೂಪಾಯಿ, ಆಮೇಲೆ ದಿನಕ್ಕೆ 10,000 ರೂಪಾಯಿ. ಮೊಜಾಂಬಿಕ್‌ನಿಂದ ಹಡಗು ಬರಲು ವಾರಗಳೇ ಬೇಕು. ಅಷ್ಟು ಕಾಲ ಸಮುದ್ರದಲ್ಲಿರುವ ಮಾಲಿನ ಕಾಗದ ಬ್ಯಾಂಕಿನಲ್ಲೋ, ದಲ್ಲಾಳಿಯ ಇ-ಮೇಲಿನಲ್ಲೋ ಮಲಗಿದ್ದರೆ ಯಾವ ಕಂಪ್ಯೂಟರ್ ತಾನೇ ಏನು ಮಾಡೀತು?

ತೊಗರಿ ತಿನ್ನುವ ಪದಾರ್ಥ, ಸಸ್ಯಮೂಲದ್ದು ಬೇರೆ. ಆದ್ದರಿಂದ ಸಸ್ಯ ಸಂಗರೋಧ ಇಲಾಖೆಯೂ ಆಹಾರ ಸುರಕ್ಷತಾ ಪ್ರಾಧಿಕಾರವೂ ಒಪ್ಪಬೇಕು. ಹಿಂದೆ ಇವೆರಡಕ್ಕೂ ಬೇರೆ ಬೇರೆ ಅರ್ಜಿ, ಬೇರೆ ಬೇರೆ ಓಡಾಟ. ಈಗ ಒಂದೇ ಘೋಷಣೆಯಿಂದ ಇಬ್ಬರಿಗೂ ಮಾಹಿತಿ ಹೋಗುತ್ತದೆ. ಹಾಗೆಂದು ಹುಳು ಇದೆಯೇ ಎಂದು ನೋಡಲು ಕಂಟೇನರಿನ ಬಾಗಿಲು ತೆರೆಯಲೇಬೇಕು, ಮಾದರಿ ಪ್ರಯೋಗಾಲಯಕ್ಕೆ ಹೋಗಲೇಬೇಕು. ಸಸ್ಯ ಆರೋಗ್ಯ ಪ್ರಮಾಣಪತ್ರದ ತೂಕಕ್ಕೂ ಹಡಗು ಕಂಪನಿ ಕೊಡುವ ಸಾಗಣೆ ರಸೀದಿಯಾದ ಬಿಲ್ ಆಫ್ ಲೇಡಿಂಗ್‌ನ ತೂಕಕ್ಕೂ ತಾಳೆಯಾಗದಿದ್ದರೆ ಅಲ್ಲಿಗೇ ನಿಂತಿತು. ಇದನ್ನು ಮಾಲು ಹೊರಟ ವಾರದಲ್ಲಿ ಕಂಡುಹಿಡಿದರೆ ಕಳುಹಿಸಿದವರಿಂದ ತಿದ್ದಿಸಬಹುದು. ಬಂದರಿನಲ್ಲಿ ಕಂಡುಹಿಡಿದರೆ ಲಾರಿ ಖಾಲಿ ನಿಲ್ಲುತ್ತದೆ, ಮಿಲ್ಲಿನ ಹಮಾಲರಿಗೆ ಅಂದು ಕೆಲಸವಿಲ್ಲ.

ಯಂತ್ರಕ್ಕೆ ದಾಕ್ಷಿಣ್ಯವಿಲ್ಲ ಎಂಬುದನ್ನು ನಾನು ಕಲಿತದ್ದು ರಫ್ತಿನಲ್ಲಿ. ಯಾದಗಿರಿ ಜಿಲ್ಲೆಯ ರಾಸಾಯನಿಕ ಘಟಕವೊಂದು ತೆರಿಗೆ ಕಟ್ಟಿ ಮಾಲು ಕಳುಹಿಸಿತ್ತು. ಹಾಗೆ ಕಟ್ಟಿದ ತೆರಿಗೆಯ (ಐ.ಜಿ.ಎಸ್.ಟಿ.) ಮರುಪಾವತಿಗೆ ಬೇರೆ ಅರ್ಜಿ ಬೇಡ, ರಫ್ತಿನ ಘೋಷಣಾಪತ್ರವಾದ ಶಿಪ್ಪಿಂಗ್ ಬಿಲ್ಲನ್ನೇ ಅರ್ಜಿ ಎಂದು ಪರಿಗಣಿಸುತ್ತಾರೆ. ಎರಡು ತಿಂಗಳಾದರೂ ಹಣ ಬರಲಿಲ್ಲ. ಕಾರಣ ಹುಡುಕಿದರೆ ಎಸ್.ಬಿ. 005 ಎಂಬ ದೋಷ. ಅವರ ಜಿ.ಎಸ್.ಟಿ. ವಿವರಣಾಪತ್ರದಲ್ಲಿ ಇನ್‌ವಾಯ್ಸ್ ಸಂಖ್ಯೆಯ ನಡುವೆ ಒಂದು ಓರೆಗೆರೆ ಇತ್ತು, ನನ್ನ ಕಚೇರಿ ಸಲ್ಲಿಸಿದ ಶಿಪ್ಪಿಂಗ್ ಬಿಲ್ಲಿನಲ್ಲಿ ಇರಲಿಲ್ಲ. ಮನುಷ್ಯನಾಗಿದ್ದರೆ ಎರಡೂ ಒಂದೇ ಎಂದು ಮುಂದೆ ಹೋಗುತ್ತಿದ್ದ. ಆ ಘಟಕದ ದುಡಿಯುವ ಬಂಡವಾಳ ಒಂದು ಗೆರೆಯಿಂದಾಗಿ ಕಟ್ಟಿಹೋಯಿತು, ತಪ್ಪು ನನ್ನದು. ಅಂದಿನಿಂದ ನಮ್ಮಲ್ಲಿ ಒಬ್ಬರು ಬರೆದದ್ದನ್ನು ಇನ್ನೊಬ್ಬರು ಮೂಲ ಇನ್‌ವಾಯ್ಸ್ ಎದುರಿಟ್ಟು ಗಟ್ಟಿಯಾಗಿ ಓದುತ್ತಾರೆ. ಓಡಾಟ ಕಡಿಮೆಯಾದ ಹುಡುಗರನ್ನು ನಾನು ಬಿಡಿಸಲಿಲ್ಲ, ಈ ಓದಿಗೆ ಕೂರಿಸಿದ್ದೇನೆ. ಬ್ರೋಕರನ ವೃತ್ತಿಯೇ ಇಂದು ಇದು.

ದೊಡ್ಡ ಕಂಟೇನರುಗಳ ಮಾತಾಯಿತು. ಬೀದರಿನ ಬಿದರಿ ಕುಶಲಕರ್ಮಿಗೆ ಕಂಟೇನರ್ ಬೇಡ, ಒಂದು ಪಾರ್ಸೆಲ್ ಸಾಕು. 2022ರ ಅಂಚೆ ರಫ್ತು ನಿಯಮಗಳ ನಂತರ ಅಂಚೆ ಕಚೇರಿಯ ರಫ್ತು ಕೇಂದ್ರವಾದ ಡಾಕ್ ಘರ್ ನಿರ್ಯಾತ್ ಕೇಂದ್ರದ ಮೂಲಕ ಅಂಚೆ ರಫ್ತು ಬಿಲ್ಲನ್ನು ಆನ್‌ಲೈನ್‌ನಲ್ಲೇ ಸಲ್ಲಿಸಬಹುದು, ವಿದೇಶಿ ಅಂಚೆ ಕಚೇರಿಗೆ ಹೋಗುವ ಅಗತ್ಯವಿಲ್ಲ. ನನ್ನ ಪರಿಚಯದ ಕುಶಲಕರ್ಮಿಯೊಬ್ಬರು ಮೊದಲ ಸಲ ವಸ್ತುವಿನ ವಿವರ ಎಂಬಲ್ಲಿ "ಬೆಳ್ಳಿ ಹೂದಾನಿ" ಎಂದು ಬರೆದಿದ್ದರು. ಬಿದರಿ ಬೆಳ್ಳಿಯ ವಸ್ತುವಲ್ಲ. ಸತು ತಾಮ್ರದ ಮಿಶ್ರಲೋಹ, ಮೇಲೆ ಬೆಳ್ಳಿಯ ಕುಸುರಿ. ಬೆಳ್ಳಿಯ ವಸ್ತು ಎಂದರೆ ವರ್ಗೀಕರಣವೇ ಬೇರೆ, ಪ್ರಶ್ನೆಗಳೇ ಬೇರೆ. ಪಕ್ಕದಲ್ಲಿ ಕುಳಿತು ಲೋಹ, ತೂಕ, ಬೆಲೆ ಎಲ್ಲವನ್ನೂ ತಿದ್ದಿ ಬರೆಸಿದೆ, ಅರ್ಧ ಗಂಟೆ ಹಿಡಿಯಿತು. ಈಗಲೂ ಅವರು ಪ್ರತಿ ಪಾರ್ಸೆಲ್‌ಗೆ ಮೊದಲು ಫೋನ್ ಮಾಡುತ್ತಾರೆ. ಅದಕ್ಕೆ ನಾನು ಶುಲ್ಕ ತೆಗೆದುಕೊಳ್ಳುವುದಿಲ್ಲ.