ಹಳೇ ಯುದ್ಧವಿಮಾನದ ಮೇಲೆ ಪಿಜ್ಜಾ ಕಂಪನಿ ಹೆಸರು ಯಾಕೆ?

ಓದುಗರ ಪ್ರಶ್ನೆ: ಎರಡನೇ ಮಹಾಯುದ್ಧದ ವಿಮಾನಗಳನ್ನು ವರ್ಷಗಟ್ಟಲೆ ರಿಪೇರಿ ಮಾಡಿ ಮತ್ತೆ ಹಾರಿಸ್ತಾರೆ. ಆಮೇಲೆ ಅದರ ಮೇಲೆ ವಾಚು, ಚಾಕೊಲೇಟು, ಪಿಜ್ಜಾ ಕಂಪನಿಗಳ ಹೆಸರು ಬರೆಸ್ತಾರೆ. ಹಳೇ ಬಣ್ಣ ಕೆರೆದು ಜಾಹೀರಾತು ಬಳಿಯೋದು ಇತಿಹಾಸಕ್ಕೆ ಮಾಡೋ ಅವಮಾನ ಅಲ್ವಾ?

ಈ ಪ್ರಶ್ನೆಯ ಹಿಂದಿನ ಸಂಕಟ ನನಗೆ ಅರ್ಥವಾಗುತ್ತದೆ. ಆದರೂ ನನ್ನ ಉತ್ತರ ಇದು: ಬಹುಪಾಲು ವಿಮಾನಗಳ ಮಟ್ಟಿಗೆ ಇದು ಅವಮಾನ ಅಲ್ಲ. ಕೆಲವದರ ಮೇಲೆ ಮಾತ್ರ ಬರೆಸಬಾರದು. ಆ ವಿಮಾನ ಯುದ್ಧದಲ್ಲಿ ಏನು ಕೆಲಸ ಮಾಡಿತ್ತು ಅನ್ನುವುದನ್ನು ನೋಡಿ ತೀರ್ಮಾನಿಸಬೇಕು.

ಮೊದಲು ದುಡ್ಡಿನ ಮಾತು. ಸ್ಪಿಟ್‌ಫೈರ್, ಮಸ್ಟಾಂಗ್‌ನಂಥ ಫೈಟರ್‌ಗಳ ಮರ್ಲಿನ್ ಎಂಜಿನ್‌ಗೆ 12 ಸಿಲಿಂಡರ್, 27 ಲೀಟರ್ ಸಾಮರ್ಥ್ಯ. ಆರಾಮಾಗಿ ಹಾರಿಸಿದರೂ ಗಂಟೆಗೆ 200 ಲೀಟರ್ ಆಸುಪಾಸು ಪೆಟ್ರೋಲ್ ಬೇಕು. ಅದೂ ಬಂಕಿನ ಪೆಟ್ರೋಲ್ ಅಲ್ಲ, ವಿಮಾನಕ್ಕೇ ಮೀಸಲಾದದ್ದು. ಟಿಕೆಟ್ ಮಾರಿ ಜನರನ್ನು ಕೂರಿಸಿಕೊಂಡು ಹೋಗೋಣ ಅಂದರೆ ಅದೂ ಸುಲಭವಿಲ್ಲ. ಅಮೆರಿಕದಲ್ಲಿ ಇಂಥ ಫೈಟರ್‌ಗಳು ಬರುವ ವರ್ಗದಲ್ಲಿ, ವಿಶೇಷ ಅನುಮತಿ ಇಲ್ಲದೆ ದುಡ್ಡು ತಗೊಂಡು ಜನರನ್ನು ಹತ್ತಿಸುವ ಹಾಗಿಲ್ಲ. ಉಳಿಯುವ ದಾರಿ ಮೂರೇ: ಮಾಲೀಕರ ಜೇಬು, ಏರ್ ಶೋ ಕೊಡುವ ಹಣ, ಅಭಿಮಾನಿಗಳ ದೇಣಿಗೆ. ಅದೂ ಸಾಲದಾದಾಗ ಸ್ಪಾನ್ಸರ್ ಬರುತ್ತಾರೆ.

ಸ್ಪಾನ್ಸರ್ ಬಣ್ಣ ಅತಿ ಹೆಚ್ಚು ಬಳಿಸಿಕೊಂಡ ವಿಮಾನಗಳಲ್ಲಿ ಸ್ಟಿಯರ್‌ಮ್ಯಾನ್ ಒಂದು. ಇದು ಎರಡು ರೆಕ್ಕೆ, ಎರಡು ಸೀಟಿನ ತರಬೇತಿ ವಿಮಾನ. ಅಮೆರಿಕದ ಕ್ಯಾನ್ಸಸ್ ರಾಜ್ಯದ ವಿಚಿಟಾದಲ್ಲಿ ಎಂಟು ಸಾವಿರಕ್ಕೂ ಜಾಸ್ತಿ ತಯಾರಾದವು. ಅಲ್ಲಿನ ಸೇನೆ ಸೇರಿದ ಎಷ್ಟೋ ಹುಡುಗರು ಮೊದಲ ಸಲ ಮೇಲೆ ಹಾರಿದ್ದು ಇದರಲ್ಲೇ. ಯುದ್ಧ ಮುಗಿದ ಮೇಲೆ ಇವನ್ನು ಕಡಿಮೆ ರೇಟಿಗೆ ಮಾರಿದರು. ಎಷ್ಟೋ ಜನ ಕೊಂಡು, 220 ಅಶ್ವಶಕ್ತಿಯ ಎಂಜಿನ್ ತೆಗೆದು 450ರದ್ದು ಕೂರಿಸಿ, ಹೊಲಕ್ಕೆ ಔಷಧಿ ಹೊಡೆಯಲು ಬಳಸಿದರು. ಅಂದರೆ ಜಾಹೀರಾತಿಗೆ ಬರುವ ಹೊತ್ತಿಗೆ ಅದು ಸೈನ್ಯದ ಬಣ್ಣ ಬಿಟ್ಟು ಎಷ್ಟೋ ವರ್ಷವಾಗಿತ್ತು.

1979ರಿಂದ 2007ರವರೆಗೆ ಅಮೆರಿಕದಲ್ಲಿ 'ರೆಡ್ ಬ್ಯಾರನ್ ಪಿಜ್ಜಾ ಸ್ಕ್ವಾಡ್ರನ್' ಅಂತ ಒಂದು ತಂಡ ಹಾರುತ್ತಿತ್ತು. ಎಲ್ಲವೂ ಕೆಂಪು ಬಳಿದ ಸ್ಟಿಯರ್‌ಮ್ಯಾನ್‌ಗಳು. ಒಂದು ಫ್ರೋಜನ್ ಪಿಜ್ಜಾ ಅವನ್ನು 28 ವರ್ಷ ಆಕಾಶದಲ್ಲಿ ಇಟ್ಟಿತು. ಇಂಗ್ಲೆಂಡಿನ ರೆಂಡ್‌ಕೂಂಬ್ ಅನ್ನುವ ಮೊದಲ ಮಹಾಯುದ್ಧದ ಕಾಲದ ಹುಲ್ಲಿನ ರನ್‌ವೇಯಿಂದ ಹಾರುವ ಏರೋಸೂಪರ್‌ಬ್ಯಾಟಿಕ್ಸ್ ತಂಡದ್ದು ಇನ್ನೂ ಸ್ವಾರಸ್ಯದ ಕತೆ. ಯಲಹಂಕದ ಏರೋ ಇಂಡಿಯಾದಲ್ಲಿ ರೆಕ್ಕೆ ಮೇಲೆ ನಿಂತು ಕಸರತ್ತು ಮಾಡುವವರನ್ನು ನೀವು ನೋಡಿರಬಹುದು. ಅಂಥದ್ದೇ ಪ್ರದರ್ಶನ ಇವರದ್ದು. ಇವರ ಸ್ಟಿಯರ್‌ಮ್ಯಾನ್‌ಗಳ ಮೇಲೆ ಒಂದು ಕಾಲದಲ್ಲಿ ಕ್ರಂಚಿ ಚಾಕೊಲೇಟ್ ಹೆಸರಿತ್ತು. ಆಮೇಲೆ ಬೆಣ್ಣೆಯಂಥ ಸ್ಪ್ರೆಡ್ 'ಅಟರ್ಲಿ ಬಟರ್ಲಿ' ಬಂತು (ನಮ್ಮ ಅಮುಲ್ ಜಾಹೀರಾತು ನೆನಪಾಗುತ್ತೆ, ಅಲ್ವಾ?). ಮುಂದೆ ಗೀನೋ ಸೌಂದರ್ಯವರ್ಧಕ, 2011ರಿಂದ ಕೆಲವು ವರ್ಷ ಬ್ರೈಟ್‌ಲಿಂಗ್ ವಾಚು. ಹೆಸರು, ಬಣ್ಣ ಬದಲಾಗುತ್ತಾ ಹೋದವು, ವಿಮಾನ ಮಾತ್ರ ಹಾರುತ್ತಲೇ ಇತ್ತು.

ಇನ್ನು 'ಹಳೇ ಬಣ್ಣ ಹಾಳಾಗಲ್ವಾ' ಅನ್ನುವ ಮಾತು. ಹಾರುವ ವಿಮಾನದ ಮೇಲೆ ಯುದ್ಧಕಾಲದ ಬಣ್ಣ ಉಳಿದಿರುವುದೇ ಅಪರೂಪ. ಲೋಹದ ವಿಮಾನವಾದರೆ ತುಕ್ಕು, ಬಿರುಕು ಹುಡುಕಲು ರಿಪೇರಿ ಹೊತ್ತಿನಲ್ಲಿ ಬಣ್ಣ ಪೂರ್ತಿ ತೆಗೆಯಲೇಬೇಕು. ಸ್ಟಿಯರ್‌ಮ್ಯಾನ್‌ನ ರೆಕ್ಕೆಗೆ ಹೊದಿಸಿರುವುದಂತೂ ಬಟ್ಟೆ. ಯುದ್ಧಕಾಲದ ಹತ್ತಿಬಟ್ಟೆ ಎಂದೋ ಜೀರ್ಣವಾಗಿ ಹೋಗಿರುತ್ತದೆ. ಈಗ ಪಾಲಿಯೆಸ್ಟರ್ ಬಟ್ಟೆ ಅಂಟಿಸಿ ಅದರ ಮೇಲೆ ಇಸ್ತ್ರಿಪೆಟ್ಟಿಗೆ ಆಡಿಸುತ್ತಾರೆ. ತಮಟೆಯನ್ನು ಬೆಂಕಿಗೆ ಹಿಡಿದರೆ ಚರ್ಮ ಬಿಗಿಯುತ್ತದಲ್ಲ, ಹಾಗೇ ಬಟ್ಟೆ ಕಾವಿಗೆ ಕುಗ್ಗಿ ಬಿಗಿಯಾಗುತ್ತದೆ. ಬೆರಳಲ್ಲಿ ತಟ್ಟಿದರೆ ಸದ್ದೂ ಹಾಗೇ ಬರುತ್ತದೆ. ಅದರ ಮೇಲೆ ಬಿಸಿಲು ತಡೆಯುವ ಪದರಗಳು, ಕೊನೆಗೆ ಬಣ್ಣ.

ಬಣ್ಣಕ್ಕೂ ತೂಕ ಇದೆ. ಬಾಲದ ರಡರ್, ರೆಕ್ಕೆ ತುದಿಯ ಏಲೆರಾನ್‌ಗಳಂಥ ಅಲುಗಾಡುವ ಭಾಗಗಳ ಮೇಲೆ ಒಂದು ಪದರ ಹೆಚ್ಚಾದರೂ ಅವುಗಳ ಸಮತೋಲ ತಪ್ಪಬಹುದು. ತಪ್ಪಿದರೆ ವೇಗದಲ್ಲಿ ಪಟಪಟನೆ ಅದುರಿ ಮುರಿದೂ ಹೋಗಬಹುದು. ಅದಕ್ಕೇ ಬಣ್ಣವಾದ ಮೇಲೆ ಮತ್ತೆ ತೂಗಿ ನೋಡುತ್ತಾರೆ. ಲೋಗೋ ಬರೆಯುವುದು ಸುಮ್ನೆ ಪೇಂಟ್ ಡಬ್ಬಿ ಹಿಡಿದು ನಿಲ್ಲುವ ಕೆಲಸವಲ್ಲ.

ಮ್ಯೂಸಿಯಂನಲ್ಲಿ ನಿಂತ, ಯುದ್ಧಕಾಲದ ಬಣ್ಣ ಇನ್ನೂ ಉಳಿಸಿಕೊಂಡ ವಿಮಾನದ ವಿಷಯ ಬೇರೆ. ಅದನ್ನು ಯಾರೂ ಮುಟ್ಟಬಾರದು.

ಈಗ ಫೈಟರ್‌ಗಳಿಗೆ ಬರೋಣ. 2019ರಲ್ಲಿ ಒಂದು ಸ್ಪಿಟ್‌ಫೈರ್ ಇಂಗ್ಲೆಂಡಿನ ಗುಡ್‌ವುಡ್‌ನಿಂದ ಹೊರಟು, ನಾಲ್ಕು ತಿಂಗಳಲ್ಲಿ ಭೂಮಿಯನ್ನೇ ಸುತ್ತಿ, ಡಿಸೆಂಬರ್ 5ಕ್ಕೆ ವಾಪಸ್ ಬಂದು ಇಳಿಯಿತು. ದಾರಿಯಲ್ಲಿ ಭಾರತಕ್ಕೂ ಬಂದಿತ್ತು. ಮುಖ್ಯ ಸ್ಪಾನ್ಸರ್ ಸ್ವಿಟ್ಜರ್‌ಲೆಂಡಿನ ಐಡಬ್ಲ್ಯುಸಿ ವಾಚ್ ಕಂಪನಿ. ಯುದ್ಧದಲ್ಲಿ ನಿಜವಾಗಿ ಹೋರಾಡಿದ ಎಂಜೆ 271 ನಂಬರಿನ ಆ ವಿಮಾನದ ಬಣ್ಣವನ್ನೆಲ್ಲ ತೆಗೆದು ಬೆಳ್ಳಿ ಥರ ಹೊಳೆಯುವಂತೆ ಪಾಲಿಶ್ ಮಾಡಿದ್ದರು. ನೋಡಲು ಬಹಳ ಚಂದ. ಆದರೂ ಜೀವ ಪಣಕ್ಕಿಟ್ಟು ಹಾರಿದವರ ವಿಮಾನಕ್ಕೆ ಅವರು ಕಂಡ ಬಣ್ಣವೇ ಇರಲಿ ಅನ್ನುವುದು ನನ್ನ ಆಸೆ. ಸಾಲ್ಸ್‌ಬರ್ಗ್‌ನಲ್ಲಿರುವ ರೆಡ್ ಬುಲ್‌ನ ಬಿ-25 ಬಾಂಬರ್ ಕೂಡ ಹೀಗೇ ಹೊಳೆಯುತ್ತದೆ. ಅದರ ಬಗ್ಗೆ ನನಗೆ ಅಷ್ಟು ಬೇಸರವಿಲ್ಲ. 1944ರಿಂದ ಅಮೆರಿಕವೇ ಎಷ್ಟೋ ವಿಮಾನಗಳನ್ನು ಬಣ್ಣವಿಲ್ಲದೆ ಬರಿ ಲೋಹದಲ್ಲೇ ಕಳಿಸುತ್ತಿತ್ತು.

ಲೋಗೋ ಒಂದು ವಿಷಯದಲ್ಲಿ ಪ್ರಾಮಾಣಿಕ. ಅದು ಜಾಹೀರಾತು ಅಂತ ಮಗುವಿಗೂ ಗೊತ್ತಾಗುತ್ತದೆ. ಯುದ್ಧವನ್ನೇ ಕಾಣದ ವಿಮಾನಕ್ಕೆ ಪ್ರಸಿದ್ಧ ಪೈಲಟ್ ಒಬ್ಬನ ಗುರುತುಗಳನ್ನು ಬಳಿದು ಏನೂ ಹೇಳದೆ ಸುಮ್ಮನಿದ್ದರೆ, ನೋಡುವವರು ಅದನ್ನೇ ನಿಜ ಅಂದುಕೊಳ್ಳುತ್ತಾರೆ. ನನಗೆ ಹೆಚ್ಚು ನೋವು ಕೊಡುವುದು ಅದು.

ಹೇಳಿ ಬಳಿದರೆ ಮಾತೇ ಬೇರೆ. ನಮ್ಮ ವಾಯುಪಡೆಯ ಹಳೇ ಸಾಗಣೆ ವಿಮಾನ ಡಕೋಟಾ ನೋಡಿ. ಬೆಂಗಳೂರಿನ ರಾಜೀವ್ ಚಂದ್ರಶೇಖರ್ ತಮ್ಮ ದುಡ್ಡಿನಲ್ಲಿ ಅದನ್ನು ಬ್ರಿಟನ್‌ನಲ್ಲಿ ರಿಪೇರಿ ಮಾಡಿಸಿ 2018ರಲ್ಲಿ ಉಡುಗೊರೆ ಕೊಟ್ಟರು. ಅವರ ತಂದೆ ವಾಯುಪಡೆಯಲ್ಲಿ ಡಕೋಟಾ ಹಾರಿಸಿದವರು. ನಮ್ಮ ಕಡೆ ದೇವಸ್ಥಾನಕ್ಕೆ ಒಂದು ಫ್ಯಾನ್ ಕೊಟ್ಟರೂ ರೆಕ್ಕೆಗಳ ಮೇಲೆ 'ಸೇವಾರ್ಥ' ಅಂತ ಹೆಸರು ಬರೆಸುತ್ತಾರೆ, ಅದರಲ್ಲಿ ತಪ್ಪೇನಿಲ್ಲ. ಈ ಡಕೋಟಾದ ಮೇಲೆ ಎದ್ದು ಕಾಣುವುದು ಮಾತ್ರ ವಿಪಿ 905 ಅನ್ನುವ ನಂಬರ್. 1947ರ ಅಕ್ಟೋಬರ್ 27ರಂದು ಸಿಖ್ ರೆಜಿಮೆಂಟಿನ ಸೈನಿಕರನ್ನು ಹೊತ್ತು ಶ್ರೀನಗರದಲ್ಲಿ ಮೊದಲು ಇಳಿದ ಡಕೋಟಾದ ನಂಬರ್ ಅದು. ಈ ವಿಮಾನ ಅದೇ ಅಲ್ಲ, ಅದರ ನೆನಪಿಗೆ ಈ ನಂಬರ್ ಇಟ್ಟಿದ್ದಾರೆ. ವಾಯುಪಡೆ ಇದಕ್ಕೆ ಪರಶುರಾಮ ಅಂತ ಹೆಸರನ್ನೂ ಇಟ್ಟಿದೆ.