ಬಸ್ಸಿನ ಸುತ್ತು, ಪ್ರಯಾಣಿಕರ ಹೊತ್ತು

ಬೆಂಗಳೂರಿನ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗಿನ ಮೆಟ್ರೊ ಹಳದಿ ಮಾರ್ಗ 2025ರ ಆಗಸ್ಟ್‌ನಲ್ಲಿ ಆರಂಭವಾದಾಗ ಅಲ್ಲಿದ್ದುದು ಮೂರು ರೈಲು. ಒಂದು ಹೋದ ಮೇಲೆ ಇನ್ನೊಂದು ಬರಲು 25 ನಿಮಿಷ ಹಿಡಿಯುತ್ತಿತ್ತು. ನಾಲ್ಕನೆಯ ರೈಲು ಸೇರಿದಾಗ ಈ ಅಂತರ 19 ನಿಮಿಷಕ್ಕೆ ಇಳಿಯಿತು, ಐದನೆಯದು ಬಂದಾಗ 15ಕ್ಕೆ. ವೇಳಾಪಟ್ಟಿ ಹೆಣೆಯುವುದೇ ಕಸುಬಾಗಿರುವ ನನ್ನಂಥವರಿಗೆ ಈ ಅಂಕಿಗಳು ಪಾಠ ಹೇಳಲೆಂದೇ ಜೋಡಿಸಿಟ್ಟಂತೆ ಕಾಣುತ್ತವೆ. ಮೂರನ್ನು 25ರಿಂದ, ನಾಲ್ಕನ್ನು 19ರಿಂದ, ಐದನ್ನು 15ರಿಂದ ಗುಣಿಸಿ ನೋಡಿ; ಉತ್ತರ 75ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಒಂದು ರೈಲು ಈ ತುದಿಯಿಂದ ಹೊರಟು, ಆ ತುದಿ ಮುಟ್ಟಿ, ತಿರುಗಿ ಬಂದು, ಮತ್ತೊಂದು ಸುತ್ತಿಗೆ ಅಣಿಯಾಗಲು ಬೇಕಾದ ಹೊತ್ತು ಅದು. ಈ ಸುತ್ತಿನ ಅವಧಿಯನ್ನು ವಾಹನಗಳ ಸಂಖ್ಯೆಯಿಂದ ಭಾಗಿಸಿದರೆ ಎಷ್ಟು ನಿಮಿಷಕ್ಕೊಂದು ವಾಹನ ಬರುತ್ತದೆ ಎಂಬುದು ತಿಳಿಯುತ್ತದೆ.

ಬಸ್ಸಿನ ಲೆಕ್ಕವೂ ಇದೇ. ಆದರೆ ನಗರ ಸಾರಿಗೆಯ ಮಾತು ಬಂದಾಗಲೆಲ್ಲ ಚರ್ಚೆ ವಾಹನಗಳ ಸಂಖ್ಯೆಯ ಸುತ್ತಲೇ ತಿರುಗುತ್ತದೆ: ಊರು ಇಷ್ಟು ಬೆಳೆದಿದೆ, ಇಷ್ಟು ಸಾವಿರ ಹೊಸ ಬಸ್ಸು ಬೇಕು. ಬೇಡಿಕೆ ತಪ್ಪಲ್ಲ, ಬಸ್ಸುಗಳು ಬೇಕೇ ಬೇಕು. ಆದರೆ ಲೆಕ್ಕದ ಇನ್ನೊಂದು ಭಾಗವಾದ ಸುತ್ತಿನ ಅವಧಿಯನ್ನು ಯಾರೂ ಕೇಳುವುದಿಲ್ಲ. ಒಂದು ಮಾರ್ಗದಲ್ಲಿ ಹೋಗಲು ಒಂದು ಗಂಟೆ, ಬರಲು ಒಂದು ಗಂಟೆ, ಎರಡು ತುದಿಗಳಲ್ಲಿ ಹತ್ತು ಹತ್ತು ನಿಮಿಷದ ವಿರಾಮ ಎಂದುಕೊಳ್ಳಿ. ಒಟ್ಟು 140 ನಿಮಿಷ. ಹತ್ತು ನಿಮಿಷಕ್ಕೊಂದು ಬಸ್ಸು ಓಡಿಸಬೇಕಾದರೆ 14 ಬಸ್ಸು ಬೇಕು. ವಾಹನದಟ್ಟಣೆ ಹೆಚ್ಚಿ ಒಂದು ದಿಕ್ಕಿನ ಓಟಕ್ಕೆ 80 ನಿಮಿಷ ಹಿಡಿಯತೊಡಗಿದರೆ ಅದೇ ಸೇವೆಗೆ 18 ಬಸ್ಸು ಬೇಕಾಗುತ್ತದೆ. ಹೊಸದಾಗಿ ಖರೀದಿಸಿದ ನಾಲ್ಕು ಬಸ್ಸು, ಅವುಗಳ ಚಾಲಕರು, ನಿರ್ವಾಹಕರು, ಇಂಧನ ಎಲ್ಲವೂ ಸಿಗ್ನಲ್‌ನಲ್ಲಿ ನಿಂತು ಕರಗುತ್ತವೆ. ಪ್ರಯಾಣಿಕ ಮೊದಲಿನಷ್ಟೇ ಹೊತ್ತು ಕಾಯುತ್ತಾನೆ. ಬೆಳೆಯುವ ನಗರದಲ್ಲಿ ಬಸ್ಸು ಹೆಚ್ಚಿಸಿದರೂ ಸೇವೆ ಹೆಚ್ಚಿದಂತೆ ಅನ್ನಿಸದಿರುವುದಕ್ಕೆ ದೊಡ್ಡ ಕಾರಣ ಇದು.

ಹಾಗಾದರೆ ಬಸ್ಸಿಗೆಂದೇ ಮೀಸಲಿಟ್ಟ ಪಥ ಯಾರ ಸೌಕರ್ಯಕ್ಕೆ? ಒಳಗೆ ಕೂತವರನ್ನು ಬೇಗ ಮುಟ್ಟಿಸುವುದಕ್ಕೆ ಎಂದು ಸಾಮಾನ್ಯವಾಗಿ ಭಾವಿಸುತ್ತಾರೆ. ಅದಕ್ಕಿಂತ ಹೆಚ್ಚಾಗಿ ಅದು ಬಸ್ಸುಗಳನ್ನು ಮರಳಿ ಗಳಿಸುವ ಉಪಾಯ. ಮೇಲಿನ ಮಾರ್ಗದಲ್ಲಿ ಪ್ರತಿ ದಿಕ್ಕಿಗೂ ಹತ್ತು ನಿಮಿಷ ಉಳಿದರೆ, ಅಂದರೆ ಸುತ್ತು 140ರಿಂದ 120ಕ್ಕೆ ಇಳಿದರೆ, ಎರಡು ಬಸ್ಸು ಒಂದು ರೂಪಾಯಿಯ ಖರೀದಿಯಿಲ್ಲದೆ ಕೈಗೆ ಬರುತ್ತವೆ. ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ 2019ರ ಕೊನೆಯಲ್ಲಿ ಸಿಲ್ಕ್ ಬೋರ್ಡ್‌ನಿಂದ ಕೆ.ಆರ್. ಪುರದ ಕಡೆಗೆ ಬಸ್ ಆದ್ಯತಾ ಪಥ ಗುರುತಿಸಿ, ಅಂಚಿಗೆ ಕಂಬ ನೆಟ್ಟು ಪ್ರಯೋಗ ನಡೆಸಿದರು. ಕೆಲವೇ ತಿಂಗಳಲ್ಲಿ ಕೊರೊನಾ ಬಂತು, ಅದರ ಹಿಂದೆಯೇ ಮೆಟ್ರೊ ಕಾಮಗಾರಿ, ಪಥ ಉಳಿಯಲಿಲ್ಲ. ಹುಬ್ಬಳ್ಳಿ–ಧಾರವಾಡದ ನಡುವೆ 2018ರಲ್ಲಿ ಓಡಾಟ ಆರಂಭಿಸಿದ ಚಿಗರಿ ಬಸ್ಸುಗಳದು ಇದಕ್ಕಿಂತ ಗಟ್ಟಿಯಾದ ವ್ಯವಸ್ಥೆ. ರಸ್ತೆಯ ನಡುವೆ ಪ್ರತ್ಯೇಕ ಪಥವಿದೆ, ಟಿಕೆಟನ್ನು ನಿಲ್ದಾಣದಲ್ಲೇ ಪಡೆದು ಹತ್ತಬೇಕು, ವೇದಿಕೆಯೂ ಬಸ್ಸಿನ ನೆಲವೂ ಒಂದೇ ಮಟ್ಟದಲ್ಲಿರುವುದರಿಂದ ವಯಸ್ಸಾದವರು ಮೆಟ್ಟಿಲು ಹತ್ತಿ ತಡವಾಗುವ ಪ್ರಶ್ನೆಯಿಲ್ಲ. ಅಷ್ಟು ಅಗಲದ ರಸ್ತೆಯನ್ನು ಬಸ್ಸಿಗೆ ಬಿಟ್ಟದ್ದು ದಂಡ ಎಂಬ ಆಕ್ಷೇಪ ಅಲ್ಲಿ ಮೊದಲಿನಿಂದಲೂ ಇದೆ. ಬರಿದಾಗಿ ಕಾಣುವುದು ಚೆನ್ನಾಗಿ ಓಡುವ ಬಸ್ ಪಥದ ಗುಣವೇ. ತುಂಬಿ ನಿಂತಿದ್ದರೆ ಅದು ಪಥವಾಗಿರುವುದಿಲ್ಲ.

ಟಿಕೆಟ್ಟಿನ ಮಾತು ಬಂದದ್ದರಿಂದ ಒಂದು ಸಣ್ಣ ಸಂಗತಿ ಹೇಳುತ್ತೇನೆ. ನಗರ ಬಸ್ಸಿನ ಓಟದ ಹೊತ್ತನ್ನು ತಿನ್ನುವುದರಲ್ಲಿ ಸ್ಟೇಜ್ ಕ್ಲೋಸ್ ಮಾಡುವುದೂ ಒಂದು. ದರದ ಮುಂದಿನ ಹಂತ ಬರುವುದರೊಳಗೆ ಎಲ್ಲರಿಗೂ ಟಿಕೆಟ್ ಕೊಟ್ಟು ಮುಗಿಸದಿದ್ದರೆ ತಪಾಸಣೆಯಲ್ಲಿ ಸಿಕ್ಕಿಬೀಳುವವರು ನಿರ್ವಾಹಕರೇ ಆದ್ದರಿಂದ, ಜನ ತುಂಬಿದ ಬಸ್ಸನ್ನು ರಸ್ತೆ ಬದಿಗೆ ನಿಲ್ಲಿಸಿ ಟಿಕೆಟ್ ಮುಗಿಸುವುದುಂಟು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೂ ಮಹಿಳೆಯರಿಗೆ ಶೂನ್ಯ ದರದ ಟಿಕೆಟ್ ಹರಿದುಕೊಡಲೇಬೇಕಾಗಿರುವುದರಿಂದ ಈ ಕೆಲಸ ತಗ್ಗಿಲ್ಲ. ಪಾಸು, ಕಾರ್ಡು, ಮೊಬೈಲ್ ಪಾವತಿಗಳನ್ನು ಚಿಲ್ಲರೆಯ ಜಗಳ ತಪ್ಪಿಸುವ ಅನುಕೂಲ ಎಂದಷ್ಟೇ ನೋಡದೆ, ಓಟದ ಹೊತ್ತು ಉಳಿಸುವ ಸಾಧನ ಎಂದು ನೋಡಬೇಕು.

ಇನ್ನು ಸುತ್ತಿನ ಅವಧಿಗಿಂತಲೂ ಕಷ್ಟದ ವಿಷಯಕ್ಕೆ ಬರುತ್ತೇನೆ. ಗಂಟೆಗೆ ಆರು ಬಸ್ಸು ಓಡುವ ಮಾರ್ಗದಲ್ಲಿ ಅವು ಸರಿಯಾಗಿ ಹತ್ತು ನಿಮಿಷಕ್ಕೊಂದರಂತೆ ಬಂದರೆ, ಹೊತ್ತು ನೋಡದೆ ನಿಲ್ದಾಣಕ್ಕೆ ಬರುವ ಪ್ರಯಾಣಿಕರು ಸರಾಸರಿ ಐದು ನಿಮಿಷ ಕಾಯುತ್ತಾರೆ. ಅದೇ ಆರು ಬಸ್ಸು ಇಪ್ಪತ್ತು ನಿಮಿಷಕ್ಕೊಮ್ಮೆ ಎರಡೆರಡಾಗಿ ಒಂದರ ಹಿಂದೊಂದು ಬಂದರೆ ಕಾಯುವ ಹೊತ್ತು ಸರಾಸರಿ ಹತ್ತು ನಿಮಿಷ, ಅಂದರೆ ದುಪ್ಪಟ್ಟು. ಬಸ್ ಡಿಪೊದ ದಾಖಲೆಯಲ್ಲಿ ಮಾತ್ರ ಎರಡಕ್ಕೂ ವ್ಯತ್ಯಾಸವಿಲ್ಲ: ಆರು ಟ್ರಿಪ್ ಆಗಬೇಕಿತ್ತು, ಆರೂ ಆಗಿವೆ. ‘ಅರ್ಧ ಗಂಟೆ ಒಂದೂ ಇರಲಿಲ್ಲ, ಈಗ ಮೂರು ಒಟ್ಟಿಗೆ ಬಂದವು’ ಎಂದು ನಿಲ್ದಾಣದಲ್ಲಿ ಗೊಣಗುವವರನ್ನು ಸುಮ್ಮನೆ ದೂರುವವರು ಎಂದುಕೊಂಡ ಕಾಲ ನನಗೂ ಇತ್ತು. ಆಮೇಲೆ ಪುಸ್ತಕ ಹಿಡಿದು ಅವರ ಪಕ್ಕದಲ್ಲೇ ನಿಂತು ಬಸ್ಸು ಬಂದ ಹೊತ್ತು ಬರೆದುಕೊಂಡಾಗ, ತಪ್ಪಿದ್ದು ನಮ್ಮ ದಾಖಲೆಯೇ ಹೊರತು ಅವರ ಗೊಣಗಾಟವಲ್ಲ ಎಂಬುದು ಕಣ್ಣಿಗೆ ಕಂಡಿತು.

ಬಸ್ಸುಗಳು ಹೀಗೆ ಗುಂಪುಗಟ್ಟುವುದು ಚಾಲಕರ ಸೋಮಾರಿತನದಿಂದಲ್ಲ. ಒಂದು ಬಸ್ಸು ಸಿಗ್ನಲ್‌ನಲ್ಲಿ ಸಿಕ್ಕಿಕೊಂಡು ಎರಡು ನಿಮಿಷ ತಡವಾಯಿತು ಎನ್ನೋಣ. ಆ ಎರಡು ನಿಮಿಷದಲ್ಲಿ ಮುಂದಿನ ನಿಲ್ದಾಣಕ್ಕೆ ಇನ್ನಷ್ಟು ಜನ ಬಂದು ಸೇರಿರುತ್ತಾರೆ, ಅವರು ಹತ್ತಿಳಿಯುವಷ್ಟರಲ್ಲಿ ತಡ ಮೂರು ನಿಮಿಷವಾಗುತ್ತದೆ, ಅದರ ಮುಂದಿನ ನಿಲ್ದಾಣದಲ್ಲಿ ಇನ್ನೂ ಹೆಚ್ಚು. ಅದರ ಹಿಂದೆ ಬರುವ ಬಸ್ಸಿಗೆ ಜನವೇ ಉಳಿದಿರುವುದಿಲ್ಲವಾದ್ದರಿಂದ ಅದು ಬೇಗ ಬೇಗ ಸಾಗಿ ಮುಂದಿನದನ್ನು ಹಿಡಿದುಬಿಡುತ್ತದೆ. ಮುಂದಿನದು ಬಾಗಿಲಿಗೆ ಜೋತುಬೀಳುವಷ್ಟು ತುಂಬಿರುತ್ತದೆ, ಹಿಂದಿನದರಲ್ಲಿ ಕಿಟಕಿ ಪಕ್ಕದ ಸೀಟೂ ಖಾಲಿ. ತನ್ನಷ್ಟಕ್ಕೆ ಬಿಟ್ಟರೆ ಇದು ಸರಿಹೋಗುವುದಿಲ್ಲ, ಹೆಚ್ಚುತ್ತಲೇ ಹೋಗುತ್ತದೆ. ಹೊರವರ್ತುಲ ರಸ್ತೆಯಲ್ಲಿ ಸಾಗುವ 500ರ ಸರಣಿಯಂತೆ, ಒಂದೇ ರಸ್ತೆಯ ಮೇಲೆ ಬೇರೆ ಬೇರೆ ಅಕ್ಷರದ ಬಾಲ ಹೊತ್ತ ಹಲವು ಮಾರ್ಗಗಳು ಓಡುವಲ್ಲಿ ತೊಡಕು ಇನ್ನಷ್ಟು. ಪ್ರತಿ ಮಾರ್ಗದ ವೇಳಾಪಟ್ಟಿಯೂ ತನ್ನಷ್ಟಕ್ಕೆ ಸರಿಯಾಗಿದ್ದರೂ, ಎಲ್ಲವೂ ಕೂಡಿ ಸಾಗುವ ಹಾದಿಯಲ್ಲಿ ಅವುಗಳ ನಡುವಿನ ಅಂತರ ಯಾರ ಹೊಣೆಯೂ ಆಗಿರುವುದಿಲ್ಲ.

ಇದಕ್ಕೆ ಮದ್ದು ಎರಡು ಕಡೆ ಹಾಕಬೇಕು. ಮೊದಲನೆಯದು ಕಾಗದದ ಮೇಲೆ. ಪ್ರತಿ ಷೆಡ್ಯೂಲಿನ ಹೊರಡುವ, ಮುಟ್ಟುವ ಹೊತ್ತುಗಳನ್ನು ಬರೆದಿಡುವ ಫಾರಂ–4ರಲ್ಲಿ ಬೆಳಿಗ್ಗೆ ಆರರ ಟ್ರಿಪ್ಪಿಗೂ ಸಂಜೆ ಆರರ ಟ್ರಿಪ್ಪಿಗೂ ಒಂದೇ ಓಟದ ಹೊತ್ತು ಇರುವುದನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಹಾಗಿದ್ದಾಗ ಸಂಜೆಯ ತಡ ತುದಿಯ ವಿರಾಮವನ್ನು ನುಂಗುತ್ತದೆ, ವಿರಾಮ ಹೋದ ಮೇಲೆ ಮುಂದಿನ ಟ್ರಿಪ್ ತಡವಾಗುತ್ತದೆ, ಪಾಳಿ ಮುಗಿಯುವ ಹೊತ್ತಿಗೆ ಕೊನೆಯ ಟ್ರಿಪ್ಪೇ ರದ್ದಾಗುತ್ತದೆ. ವಿರಾಮ ಕಡಿತಗೊಳಿಸಿ ಬಸ್ಸು ಉಳಿಸಿದೆವೆಂದು ಬೀಗುವುದು ನಮ್ಮ ಕಸುಬಿನ ಹಳೆಯ ಚಾಳಿ. ಚಾಲಕರಿಗೆ ಒಂದು ಲೋಟ ಚಹಾ ಕುಡಿಯುವ ಪುರುಸೊತ್ತು ಮಾತ್ರವಲ್ಲ, ತಡವನ್ನು ಹೀರಿಕೊಳ್ಳುವ ಏಕೈಕ ಜಾಗವೂ ಅದೇ. ಬಸ್ಸುಗಳಲ್ಲಿ ಜಿಪಿಎಸ್ ಕೂತಿರುವ ಈ ದಿನಗಳಲ್ಲಿ ಪ್ರತಿ ಗಂಟೆಯ ನಿಜವಾದ ಓಟದ ಹೊತ್ತು ಗುಂಡಿ ಒತ್ತಿದರೆ ಸಿಗಬೇಕು. ಆ ಮಾಹಿತಿ ಪ್ರಯಾಣಿಕರ ಮೊಬೈಲ್ ಆ್ಯಪಿಗೆ ತಲುಪಿದರೆ ಸಾಲದು, ವೇಳಾಪಟ್ಟಿ ಬರೆಯುವವನ ಮೇಜಿಗೂ ಬರಬೇಕು.

ಎರಡನೆಯ ಮದ್ದು ರಸ್ತೆಯ ಮೇಲಿನದು. ಗುಂಪುಗಟ್ಟಿದ ಬಸ್ಸುಗಳಲ್ಲಿ ಹಿಂದಿನದನ್ನು ಮೂರು ನಾಲ್ಕು ನಿಮಿಷ ತಡೆದು ನಿಲ್ಲಿಸಿ, ಅಂತರ ಕೂಡಿದ ಮೇಲೆ ಬಿಡಬೇಕು. ಅದಕ್ಕೆ ಮಾರ್ಗದ ನಡುವಿನ ಒಂದೆರಡು ಕಡೆ ಸಂಚಾರ ನಿಯಂತ್ರಕರು ಬೇಕು, ಯಾವ ಬಸ್ಸು ಎಲ್ಲಿದೆ ಎಂಬುದು ಅವರ ಕೈಯಲ್ಲಿರಬೇಕು, ತಡೆದದ್ದಕ್ಕೆ ಚಾಲಕರ ಮೇಲೆ ತಡದ ಆಪಾದನೆ ಬರಬಾರದು. ಹೇಳಲು ಸುಲಭ. ನಾನೊಮ್ಮೆ ಒಂದು ನಿಲ್ದಾಣದಲ್ಲಿ ಹೀಗೆ ಬಸ್ಸು ತಡೆಯುತ್ತಿದ್ದ ನಿಯಂತ್ರಕರ ಜೊತೆ ಒಂದು ಮಧ್ಯಾಹ್ನ ಕಳೆದೆ. ನಿಂತ ಬಸ್ಸಿನಿಂದ ಒಬ್ಬರು ತಲೆ ಹೊರಹಾಕಿ, ‘ಏನ್ ಸಾರ್, ನಿಮ್ಮ ಮನೆ ಬಸ್ಸಾ ಇದು, ಸುಮ್ಮನೆ ನಿಲ್ಲಿಸ್ಕೊಂಡಿದೀರಾ?’ ಎಂದು ರೇಗಿದರು. ನಿಯಂತ್ರಕರು ಗಡಿಯಾರ ನೋಡುತ್ತ, ‘ಎರಡೇ ನಿಮಿಷ ಇರಿ ಸಾರ್’ ಎಂದರು. ಮುಂದಿನ ಎಂಟು ನಿಲ್ದಾಣಗಳಲ್ಲಿ ಆ ಬಸ್ಸಿಗೆ ಕಾಯುತ್ತಿದ್ದವರ ಪರವಾಗಿ ಅಲ್ಲಿ ಮಾತಾಡುತ್ತಿದ್ದವರು ಅವರೊಬ್ಬರೇ.